ಉಳಿಸಿಕೊಂಡವರ ದ್ವೀಪ ಝಾಕಿಂಥೋಸ್

ಗ್ರೀಸ್ ದೇಶದ ಪಶ್ಚಿಮದಲ್ಲಿ, ಅಯೋನಿಯನ್ ಸಮುದ್ರದ ನೀಲಿ ನೀರಿನ ನಡುವೆ ಝಾಕಿಂಥೋಸ್ ಎಂಬ ದ್ವೀಪವಿದೆ. ಪೆಲೊಪೊನೀಸ್ ಕರಾವಳಿಯ ಕಿಲ್ಲೀನಿ ಬಂದರಿನಿಂದ ಹೊರಟ ಹಡಗು ಸುಮಾರು ಒಂದೂಕಾಲು ಗಂಟೆಯಲ್ಲಿ ಅಲ್ಲಿಗೆ ತಲಪುತ್ತದೆ. ದ್ವೀಪದ ವಿಸ್ತೀರ್ಣ ಸುಮಾರು 400 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 40 ಸಾವಿರ. ಪಶ್ಚಿಮ ಭಾಗ ಸುಣ್ಣಕಲ್ಲಿನ ಬೆಟ್ಟಸಾಲು. ಅದರ ಅಂಚು ಕಡಿದಾದ ಬಿಳಿಯ ಗೋಡೆಗಳಾಗಿ ಸಮುದ್ರಕ್ಕೆ ಇಳಿಯುತ್ತದೆ. ಪೂರ್ವದಲ್ಲಿ ಆಲಿವ್ ತೋಪುಗಳೂ ದ್ರಾಕ್ಷಿ ತೋಟಗಳೂ ಹರಡಿದ ಬಯಲು. ದಕ್ಷಿಣದಲ್ಲಿ ಬಿಲ್ಲಿನಂತೆ ಬಾಗಿದ ಲಗಾನಾಸ್ ಕೊಲ್ಲಿ, ಅದರ ಅಂಚಿಗೆ ನುಣುಪಾದ ಹೊಂಬಣ್ಣದ ಮರಳು.

ಬೇಸಿಗೆ ಬಂತೆಂದರೆ ಉತ್ತರ ಯೂರೋಪಿನಿಂದ ಲಕ್ಷಾಂತರ ಜನ ಈ ಮರಳಿಗಾಗಿಯೇ ವಿಮಾನವೇರಿ ಬರುತ್ತಾರೆ. ಹಗಲು ಬಿಸಿಲು ಕಾಯಿಸಿ, ಸಂಜೆ ಪೇಟೆಯ ಕಮಾನು ಸಾಲುಗಳ ಕೆಳಗೆ ಅಡ್ಡಾಡುತ್ತಾರೆ. ಗಂಟೆಗೋಪುರ, ಕಲ್ಲು ಹಾಸಿದ ಚೌಕಗಳು, ತಿಳಿಬಣ್ಣದ ಗೋಡೆಗಳು ಎಲ್ಲವೂ ಹಳೆಯ ವೆನಿಸ್ ನಗರವನ್ನು ನೆನಪಿಸುತ್ತವೆ. ಆದರೆ ಈ ಪೇಟೆಯ ಬಹುಪಾಲು ಕಟ್ಟಡಗಳಿಗೆ ಇನ್ನೂ ನೂರು ವರ್ಷವೂ ಆಗಿಲ್ಲ. 1953ರ ಆಗಸ್ಟ್‌ನಲ್ಲಿ ಹಳೆಯ ಊರು ಭೂಕಂಪಕ್ಕೆ ಕುಸಿದು, ಬೆಂಕಿಗೆ ಬೂದಿಯಾಯಿತು. ಈಗ ಕಾಣುವುದು ಆಮೇಲೆ ಹಳೆಯದರ ನೆನಪಿನಲ್ಲಿ ಕಟ್ಟಿದ ಊರು.

ಹೀಗಾಗಿ ಝಾಕಿಂಥೋಸ್‌ನ ಚರಿತ್ರೆಯನ್ನು ಅಲ್ಲಿನ ಕಲ್ಲುಗಳಲ್ಲಿ ಹುಡುಕಿದರೆ ಸಿಗುವುದು ಅಲ್ಪ. ಅಲ್ಲಿಯ ಜನ ಬೇರೆ ಬೇರೆ ಕಾಲದಲ್ಲಿ ಏನನ್ನು ಉಳಿಸಿಕೊಳ್ಳಲು ನಿರ್ಧರಿಸಿದರು ಎಂದು ಕೇಳಿದರೆ ಮಾತ್ರ ದ್ವೀಪ ಬಾಯಿಬಿಡುತ್ತದೆ. ಒಮ್ಮೆ ಅವರು ಆಡುಮಾತನ್ನು ಉಳಿಸಿಕೊಂಡರು. ಒಮ್ಮೆ 275 ಮಂದಿ ನೆರೆಹೊರೆಯವರನ್ನು. ಈಗ ಒಂದಿಷ್ಟು ಮರಳನ್ನು ಉಳಿಸಿಕೊಳ್ಳಬೇಕಾಗಿದೆ.

ಹೋಮರನ ಕಾಡು, ಹೆರೊಡೋಟಸನ ಕೊಳ

ದ್ವೀಪದ ಹೆಸರು ಬಹಳ ಹಳೆಯದು. ಹೋಮರನ ಮಹಾಕಾವ್ಯಗಳಲ್ಲಿ ಇದು ಕಾಡು ದಟ್ಟೈಸಿದ ದ್ವೀಪವೆಂದು ಬರುತ್ತದೆ. ಟ್ರಾಯ್ ಯುದ್ಧಕ್ಕೆ ಹೊರಟ ಒಡಿಸ್ಯೂಸ್ ದೊರೆಯ ಅಧೀನದಲ್ಲಿ ಇಥಾಕಾ ಮುಂತಾದ ದ್ವೀಪಗಳ ಜತೆಗೆ ಝಾಕಿಂಥೋಸ್ ಕೂಡ ಇತ್ತು. ದೊರೆ ಇಪ್ಪತ್ತು ವರ್ಷ ಊರಿಗೆ ಮರಳದಿದ್ದಾಗ ಅವನ ಹೆಂಡತಿ ಪೆನೆಲೊಪೆಯನ್ನು ಮದುವೆಯಾಗುವ ಆಸೆಯಿಂದ ಅರಮನೆಯಲ್ಲಿ ಠಿಕಾಣಿ ಹೂಡಿದವರಲ್ಲಿ ಇಪ್ಪತ್ತು ಮಂದಿ ಈ ದ್ವೀಪದವರೇ ಆಗಿದ್ದರು ಎಂದು ಒಡಿಸ್ಸಿ ಹೇಳುತ್ತದೆ.

ಕ್ರಿಸ್ತಪೂರ್ವ ಐದನೆಯ ಶತಮಾನದ ಇತಿಹಾಸಕಾರ ಹೆರೊಡೋಟಸ್ ಇಲ್ಲಿಯ ಒಂದು ವಿಚಿತ್ರವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಇಲ್ಲಿ ಕೆಲವು ಕೊಳಗಳಿವೆ. ದೊಡ್ಡದರ ಉದ್ದಗಲ ಎಪ್ಪತ್ತು ಅಡಿ, ಆಳ ಎರಡು ಮಾರು. ಗಳುವಿನ ತುದಿಗೆ ಮಿರ್ಟಲ್ ಎಂಬ ಪೊದೆಗಿಡದ ಕೊಂಬೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಕೊಂಬೆಗೆ ಕಪ್ಪು ಡಾಂಬರು ಅಂಟಿಕೊಂಡು ಬರುತ್ತದೆ. ಅದನ್ನು ಪಕ್ಕದ ಗುಂಡಿಯಲ್ಲಿ ಶೇಖರಿಸಿ, ಬಳಿಕ ಜಾಡಿಗಳಿಗೆ ತುಂಬುತ್ತಾರೆ. ಕೊಳಕ್ಕೆ ಬಿದ್ದ ವಸ್ತು ನೆಲದಡಿಯಿಂದ ಸಾಗಿ, ಮುಕ್ಕಾಲು ಕಿಲೋಮೀಟರ್‌ನಷ್ಟು ದೂರದ ಸಮುದ್ರದಲ್ಲಿ ತೇಲುತ್ತದೆ ಎಂದೂ ಅವನು ದಾಖಲಿಸಿದ್ದಾನೆ. ಮರದ ಹಡಗಿನ ಬಿರುಕಿಗೆ ಮೆತ್ತಲು ಡಾಂಬರು ಬೇಕೇಬೇಕಾಗಿದ್ದ ಕಾಲವದು. ದ್ವೀಪದ ನೈರುತ್ಯ ಭಾಗದ ಕೀರಿ ಎಂಬಲ್ಲಿ ಈ ಡಾಂಬರಿನ ಒರತೆಗಳನ್ನು ಈಗಲೂ ತೋರಿಸುತ್ತಾರೆ.

ನೆಲದಡಿಯ ಇದೇ ಗುಣ ಇತ್ತೀಚೆಗೆ ಒಂದು ತಮಾಷೆಗೂ ಕಾರಣವಾಯಿತು. 2013ರಲ್ಲಿ ಅಲಿಕಾನಾಸ್ ಕೊಲ್ಲಿಯಲ್ಲಿ ಈಜುತ್ತಿದ್ದವರಿಗೆ ನೀರಿನಡಿ ಕಂಬದ ಬುಡಗಳೂ ಕಲ್ಲು ಹಾಸಿದ ನೆಲವೂ ಕಂಡವು. ಮುಳುಗಿಹೋದ ಪುರಾತನ ನಗರವೇ ಸಿಕ್ಕಿತೆಂದು ಸುದ್ದಿಯಾಯಿತು. ಆದರೆ ಅಲ್ಲಿ ಒಂದು ಮಡಕೆ ಚೂರೂ, ಒಂದು ನಾಣ್ಯವೂ ಇರಲಿಲ್ಲ. ವಿಜ್ಞಾನಿಗಳು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅದು ಮನುಷ್ಯರ ಕೆಲಸವಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರತಳದಿಂದ ಸೋರುತ್ತಿದ್ದ ಮೀಥೇನ್ ಅನಿಲವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಕೆಸರೇ ಕಲ್ಲಾಗಿ, ಬಳೆಯಂತೆ, ಕಂಬದಂತೆ ಗಟ್ಟಿಗೊಂಡಿತ್ತು.

ಒಣದ್ರಾಕ್ಷಿಯ ಸಾಮ್ರಾಜ್ಯ

ಹದಿನೈದನೆಯ ಶತಮಾನದ ಕೊನೆಗೆ ದ್ವೀಪ ವೆನಿಸ್ ಗಣರಾಜ್ಯದ ವಶವಾಯಿತು. 1797ರವರೆಗೆ, ಅಂದರೆ ಮುನ್ನೂರಕ್ಕೂ ಹೆಚ್ಚು ವರ್ಷ ಆ ಆಳ್ವಿಕೆ ನಡೆಯಿತು. ಗ್ರೀಸಿನ ಮುಖ್ಯ ಭೂಭಾಗವೆಲ್ಲ ಆಟೊಮನ್ ತುರ್ಕರ ಕೈಯಲ್ಲಿದ್ದಾಗ ಝಾಕಿಂಥೋಸ್ ಇಟಲಿಯ ಕಡೆಗೆ ಮುಖಮಾಡಿ ನಿಂತಿತ್ತು. ಇಟಾಲಿಯನ್ನರು ಅದನ್ನು ಝಾಂಟೆ ಎಂದು ಕರೆದರು; ಪೂರ್ವದೇಶದ ಹೂವು ಎಂದು ಹೊಗಳಿದರು.

ಹೂವಿಗಿಂತ ಹಣ್ಣೇ ಅವರಿಗೆ ಹೆಚ್ಚು ಲಾಭ ತಂದಿತು. ಬೀಜವಿಲ್ಲದ, ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಕಪ್ಪು ಒಣದ್ರಾಕ್ಷಿ ಇಲ್ಲಿನ ಮುಖ್ಯ ಬೆಳೆಯಾಯಿತು. ಇಂಗ್ಲೆಂಡಿನ ಜನಕ್ಕೆ ತಮ್ಮ ಹಬ್ಬದ ಕಡುಬಿನಲ್ಲಿ ಈ ದ್ರಾಕ್ಷಿ ಇಲ್ಲದಿದ್ದರೆ ಹಬ್ಬವೇ ಅಲ್ಲ ಎನ್ನುವಂತಾಯಿತು. ಬೇಡಿಕೆ ಏರಿದಂತೆ ರೈತರು ಗೋಧಿಯ ಹೊಲಗಳನ್ನು ಕಿತ್ತು ದ್ರಾಕ್ಷಿ ಬಳ್ಳಿ ನೆಟ್ಟರು. ದ್ವೀಪ ತನ್ನ ಅನ್ನಕ್ಕೆ ಹೊರಗಿನವರ ಕೈ ನೋಡುವ ಸ್ಥಿತಿ ಬಂತು. ವಾಣಿಜ್ಯ ಬೆಳೆಗೆ ಒಲಿದ ಎಷ್ಟೋ ಸೀಮೆಗಳ ಕಥೆ ಇದೇ.

ಈ ಸಣ್ಣ ದ್ರಾಕ್ಷಿ ಇಂಗ್ಲೆಂಡಿನ ಕಾನೂನಿನ ಚರಿತ್ರೆಯಲ್ಲೂ ಸೇರಿಕೊಂಡಿದೆ. ದೊರೆ ಒಂದನೆಯ ಜೇಮ್ಸ್ ಈ ದ್ರಾಕ್ಷಿಯ ಆಮದಿನ ಮೇಲೆ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಾಕಿದ ಸುಂಕವನ್ನು ಜಾನ್ ಬೇಟ್ ಎಂಬ ವರ್ತಕ ಕೊಡಲು ನಿರಾಕರಿಸಿದ. 1606ರಲ್ಲಿ ತೀರ್ಪು ದೊರೆಯ ಪರವಾಗಿ ಬಂತು. ತೆರಿಗೆ ಹಾಕುವ ಹಕ್ಕು ಯಾರದು ಎಂಬ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಆ ಶತಮಾನದಲ್ಲಿ ದೊರೆಗೂ ಪಾರ್ಲಿಮೆಂಟಿಗೂ ನಡೆದ ಜಗಳದ ಮೂಲಗಳಲ್ಲಿ ಅದೂ ಒಂದು. ದ್ರಾಕ್ಷಿ ವ್ಯಾಪಾರ ನಡೆಸುತ್ತಿದ್ದ ಲೆವಾಂಟ್ ಕಂಪೆನಿಯ ವರ್ತಕರ ಇನ್ನೊಂದು ಸಾಹಸ ಭಾರತೀಯರಿಗೆ ಚೆನ್ನಾಗಿ ಗೊತ್ತು. 1600ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕಟ್ಟಿದವರಲ್ಲಿ ಅನೇಕರು ಅವರೇ. ಭಾರತಕ್ಕೆ ಹೊರಟ ಮೊದಲ ಹಡಗುಗಳಿಗೆ ಬಂಡವಾಳ ಹೂಡಿದ ಈ ವರ್ತಕರು ಅದಕ್ಕೆ ಮುಂಚೆ ಝಾಂಟೆಯಂಥ ದ್ವೀಪಗಳ ಸರಕಿನಲ್ಲಿ ಕೈ ಪಳಗಿಸಿಕೊಂಡವರು.

ದ್ವೀಪದೊಳಗೆ ಮಾತ್ರ ಸಂಪತ್ತು ಹಂಚಿಕೆಯಾಗಲಿಲ್ಲ. ಶ್ರೀಮಂತ ಮನೆತನಗಳ ಹೆಸರುಗಳನ್ನು ‘ಚಿನ್ನದ ಪುಸ್ತಕ’ ಎಂಬ ದಫ್ತರದಲ್ಲಿ ಬರೆದಿಡುತ್ತಿದ್ದರು. ಅದರಲ್ಲಿ ಹೆಸರಿದ್ದವನು ಪ್ರಭು, ಇಲ್ಲದವನು ಆಳು. 1628ರಲ್ಲಿ ಸಾಮಾನ್ಯ ಜನ ಇದರ ವಿರುದ್ಧ ದಂಗೆಯೆದ್ದರು. ವೆನಿಸ್ ಅದನ್ನು ಅಡಗಿಸಲು ನಾಲ್ಕು ವರ್ಷ ಹಿಡಿಯಿತು. ಕೊನೆಗೆ 1797ರಲ್ಲಿ ಫ್ರೆಂಚ್ ಕ್ರಾಂತಿಯ ಸೈನಿಕರು ಬಂದಿಳಿದಾಗ ಜನ ಆ ಪುಸ್ತಕವನ್ನು ಸಂತ ಮಾರ್ಕನ ಚೌಕಕ್ಕೆ ತಂದು ಬೆಂಕಿಗೆ ಹಾಕಿದರು.

ಆಮೇಲಿನ ಕಾಲು ಶತಮಾನದಲ್ಲಿ ರಷ್ಯನ್ನರು, ತುರ್ಕರು, ಮತ್ತೆ ಫ್ರೆಂಚರು, ಬಳಿಕ ಬ್ರಿಟಿಷರು ಎಂದು ಧಣಿಗಳು ಬದಲಾಗುತ್ತಲೇ ಹೋದರು. 1815ರಿಂದ ಏಳು ಅಯೋನಿಯನ್ ದ್ವೀಪಗಳು ಬ್ರಿಟನ್ನಿನ ರಕ್ಷಣೆಯಲ್ಲಿದ್ದು, 1864ರಲ್ಲಿ ಗ್ರೀಸಿನೊಂದಿಗೆ ವಿಲೀನವಾದವು.

ದಾಸಿಯ ಮಗ, ದೇಶದ ಗೀತೆ

ಚಿನ್ನದ ಪುಸ್ತಕ ಸುಟ್ಟ ಮರುವರ್ಷ, 1798ರಲ್ಲಿ, ಈ ಊರಿನಲ್ಲಿ ದಿಯೊನೀಸಿಯೊಸ್ ಸೊಲೊಮೋಸ್ ಹುಟ್ಟಿದ. ತಂದೆ ಕೌಂಟ್ ಪದವಿಯ ಸಿರಿವಂತ. ತಾಯಿ ಅದೇ ಮನೆಯ ಕೆಲಸದಾಕೆ. ಸಾವಿನ ಹೊಸ್ತಿಲಲ್ಲಿದ್ದಾಗ ಮಾತ್ರ, 1807ರಲ್ಲಿ, ಕೌಂಟ್ ಆಕೆಯನ್ನು ವಿಧಿವತ್ತಾಗಿ ಮದುವೆಯಾದ. ಹುಡುಗನನ್ನು ಹತ್ತನೆಯ ವಯಸ್ಸಿಗೆ ಓದಿಗಾಗಿ ಇಟಲಿಗೆ ಕಳಿಸಿದರು. ಹತ್ತು ವರ್ಷ ಕಳೆದು ಮರಳುವಾಗ ಅವನು ಇಟಾಲಿಯನ್ ಕವಿಯಾಗಿದ್ದ. ಗ್ರೀಕ್ ಅವನಿಗೆ ಉಳಿದಿದ್ದುದು ತಾಯಿಯ ಮಾತಾಗಿ, ಅಡುಗೆಮನೆಯ, ಬೀದಿಯ ಮಾತಾಗಿ.

ಆಗ ಗ್ರೀಕ್ ವಿದ್ವಾಂಸರಿಗೆ ಜನರ ಮಾತೆಂದರೆ ತಾತ್ಸಾರ. ಹೊಸ ದೇಶಕ್ಕೆ ಪ್ರಾಚೀನ ಗ್ರೀಕಿನ ಮಾದರಿಯಲ್ಲಿ ಶುದ್ಧಗೊಳಿಸಿದ ಗ್ರಾಂಥಿಕ ಭಾಷೆಯೇ ಬೇಕೆಂದು ಅವರ ವಾದ. ಸೊಲೊಮೋಸ್ ಅದನ್ನು ಒಪ್ಪಲಿಲ್ಲ. ಹಳ್ಳಿಯ ಹಾಡು ಕೇಳಿ, ಬರೆದುಕೊಂಡು, ಜನರ ನುಡಿಯನ್ನೇ ಕಾವ್ಯಕ್ಕೆ ಪಳಗಿಸಿದ. 1821ರಲ್ಲಿ ತುರ್ಕರ ವಿರುದ್ಧ ಗ್ರೀಕ್ ಸ್ವಾತಂತ್ರ್ಯ ಸಮರ ಆರಂಭವಾಯಿತು. 1823ರ ಮೇ ತಿಂಗಳಲ್ಲಿ, ಊರಿನ ಹಿಂದಿರುವ ಸ್ತ್ರಾನಿ ಗುಡ್ಡದಲ್ಲಿ ಕುಳಿತು ಅವನು ‘ಸ್ವಾತಂತ್ರ್ಯ ಸ್ತೋತ್ರ’ ಬರೆದ. 158 ಪದ್ಯಗಳ ಈ ದೀರ್ಘ ಕವಿತೆಗೆ ಕೊರ್ಫು ದ್ವೀಪದ ನಿಕೊಲಾವೊಸ್ ಮಾಂಟ್ಸಾರೊಸ್ ರಾಗ ಹಾಕಿದ. ಅದರ ಮೊದಲೆರಡು ಪದ್ಯಗಳು 1865ರಲ್ಲಿ ಗ್ರೀಸಿನ ರಾಷ್ಟ್ರಗೀತೆಯಾದವು. 1966ರಿಂದ ಸೈಪ್ರಸ್ ದೇಶಕ್ಕೂ ಅದೇ ರಾಷ್ಟ್ರಗೀತೆ.

ಗ್ರಾಂಥಿಕ ಮತ್ತು ಆಡುಭಾಷೆಗಳ ಜಗಳ ಗ್ರೀಸಿನಲ್ಲಿ ನೂರೈವತ್ತು ವರ್ಷ ಎಳೆದಾಡಿತು. 1976ರಲ್ಲಿ ಜನರ ಭಾಷೆಗೇ ಅಧಿಕೃತ ಮನ್ನಣೆ ದೊರೆತಾಗ ಗೆದ್ದದ್ದು ಸೊಲೊಮೋಸ್ ಹಿಡಿದ ಹಾದಿ. ಹೊಸಗನ್ನಡದ ಹುಟ್ಟಿನ ಕಾಲದ ಚರ್ಚೆಗಳನ್ನು ಬಲ್ಲ ಕನ್ನಡಿಗರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಪುಟ್ಟ ಊರಿನಲ್ಲಿ ಇಟಲಿಯ ಹೆಸರಾಂತ ಕವಿ ಉಗೊ ಫೊಸ್ಕೊಲೊ 1778ರಲ್ಲೂ, ಗ್ರೀಕ್ ಕವಿ ಅಂದ್ರೆಯಾಸ್ ಕಾಲ್ವೊಸ್ 1792ರಲ್ಲೂ ಹುಟ್ಟಿದರೆಂಬುದು ಮತ್ತೊಂದು ವಿಶೇಷ. ಸೊಲೊಮೋಸ್ ಮತ್ತು ಕಾಲ್ವೊಸ್ ಇಬ್ಬರ ಸಮಾಧಿಗಳೂ ಈಗ ಸಂತ ಮಾರ್ಕನ ಚೌಕದ ವಸ್ತುಸಂಗ್ರಹಾಲಯದಲ್ಲಿವೆ.

ಎರಡೇ ಹೆಸರಿನ ಪಟ್ಟಿ

ದ್ವೀಪದ ಆರಾಧ್ಯ ಸಂತನ ಹೆಸರೂ ದಿಯೊನೀಸಿಯೊಸ್. ಹದಿನಾರನೆಯ ಶತಮಾನದಲ್ಲಿ ಸಿರಿವಂತ ಮನೆಯಲ್ಲಿ ಹುಟ್ಟಿ ಸನ್ಯಾಸಿಯಾದವನು. ಬೆಟ್ಟದ ಮೇಲಿನ ಅನಾಫೊನೀತ್ರಿಯ ಮಠದಲ್ಲಿದ್ದಾಗ, ಬೆನ್ನಟ್ಟಿ ಬರುತ್ತಿದ್ದವರಿಂದ ತಪ್ಪಿಸಿಕೊಂಡ ಕೊಲೆಗಾರನೊಬ್ಬ ಬಂದು ಆಶ್ರಯ ಬೇಡಿದನಂತೆ. ಕೊಲೆಯಾದವನು ಸಂತನ ಸ್ವಂತ ಸಹೋದರ. ಅದು ತಿಳಿದೂ ಸಂತ ಅವನನ್ನು ಬಚ್ಚಿಟ್ಟು, ದ್ವೀಪದಿಂದ ಪಾರುಮಾಡಿದನೆಂದು ಐತಿಹ್ಯ. ಆಗಸ್ಟ್ 24 ಮತ್ತು ಡಿಸೆಂಬರ್ 17ರಂದು ಊರೇ ಸೇರಿ ಅವನ ಹಬ್ಬ ಮಾಡುತ್ತದೆ.

ಆಶ್ರಯ ಕೊಡುವ ಆ ಕಥೆ ಇಪ್ಪತ್ತನೆಯ ಶತಮಾನದಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಯಿತು. ಎರಡನೆಯ ಮಹಾಯುದ್ಧದಲ್ಲಿ ದ್ವೀಪ ಮೊದಲು ಇಟಲಿಯ ವಶದಲ್ಲಿತ್ತು. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದ ಮೇಲೆ ಜರ್ಮನ್ ಸೇನೆ ಬಂತು. ಊರಿನಲ್ಲಿದ್ದ ಯೆಹೂದ್ಯರ ಪಟ್ಟಿ ಕೊಡಬೇಕೆಂದು ಜರ್ಮನ್ ಅಧಿಕಾರಿ ಮೇಯರ್ ಲೂಕಾಸ್ ಕಾರೆರ್‌ಗೆ ಆಜ್ಞೆ ಮಾಡಿದ. ಅಂಥ ಪಟ್ಟಿಯ ಅರ್ಥವೇನೆಂಬುದು ಅಷ್ಟು ಹೊತ್ತಿಗೆ ಗ್ರೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಯರ್ ಬಿಷಪ್ ಕ್ರಿಸೊಸ್ತೊಮೊಸ್ ಅವರ ಬಳಿಗೆ ಹೋದರು. ಕೊನೆಗೆ ಅಧಿಕಾರಿಯ ಕೈಗೆ ಹೋದ ಕಾಗದದಲ್ಲಿ ಇದ್ದವು ಎರಡೇ ಹೆಸರುಗಳು: ಒಂದು ಬಿಷಪ್ಪರದು, ಇನ್ನೊಂದು ಮೇಯರರದು.

ಈ ನಡುವೆ ಯೆಹೂದ್ಯ ಕುಟುಂಬಗಳು ಬೆಟ್ಟದ ಹಳ್ಳಿಗಳಿಗೆ ಚದುರಿದವು. ರೈತರು ಅವರನ್ನು ಮನೆಗಳಲ್ಲಿ ಅಡಗಿಸಿಟ್ಟರು. ಯುದ್ಧಕಾಲದ ಹಸಿವಿನಲ್ಲಿ ತಮಗೇ ಸಾಲದ ರೊಟ್ಟಿಯಲ್ಲಿ ಅವರಿಗೂ ಪಾಲು ಕೊಟ್ಟರು. ಇಷ್ಟು ಚಿಕ್ಕ ದ್ವೀಪದಲ್ಲಿ ಇಂಥ ಗುಟ್ಟು ಹತ್ತಾರು ಹಳ್ಳಿಗಳಿಗೆ ಗೊತ್ತಿದ್ದಿರಲೇಬೇಕು. ಯಾರಾದರೊಬ್ಬರು ಬಾಯಿಬಿಟ್ಟಿದ್ದರೂ ಸಾಕಿತ್ತು. ಯಾರೂ ಬಾಯಿಬಿಡಲಿಲ್ಲ. ಹತ್ತಿರದ ಕೊರ್ಫು ದ್ವೀಪದಿಂದ 1944ರ ಜೂನ್‌ನಲ್ಲಿ ಸುಮಾರು 1,800 ಯೆಹೂದ್ಯರನ್ನು ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಝಾಕಿಂಥೋಸ್‌ನ 275 ಯೆಹೂದ್ಯರು ಸಾಗಣೆಗೆ ಸಿಕ್ಕದೆ ಉಳಿದರು. ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 1978ರಲ್ಲಿ ಬಿಷಪ್ ಮತ್ತು ಮೇಯರ್ ಇಬ್ಬರನ್ನೂ ಗೌರವಿಸಿತು. ಹಳೆಯ ಪ್ರಾರ್ಥನಾಮಂದಿರವಿದ್ದ ಜಾಗದಲ್ಲಿ ಈಗ ಅವರಿಬ್ಬರ ಸ್ಮಾರಕವಿದೆ.

ನಾಲ್ಕು ದಿನಗಳ ನಡುಕ

ಯುದ್ಧ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ. 1953ರ ಆಗಸ್ಟ್ 9ರಂದು ಭೂಮಿ ನಡುಗಿತು. 11ರಂದು ಮತ್ತೊಮ್ಮೆ. 12ರಂದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಎಲ್ಲಕ್ಕಿಂತ ದೊಡ್ಡ ಕಂಪನ. ಅದರ ತೀವ್ರತೆ ಏಳರ ಆಸುಪಾಸು. ಕೆಫಲೋನಿಯ, ಇಥಾಕಾ, ಝಾಕಿಂಥೋಸ್ ಮೂರೂ ದ್ವೀಪಗಳ ಊರುಗಳು ಕಲ್ಲಿನ ರಾಶಿಗಳಾದವು. ನೂರಾರು ಜನ ಸತ್ತರು. ಝಾಕಿಂಥೋಸ್ ಪೇಟೆಗೆ ಮೇಲಿಂದ ಬೆಂಕಿಯೂ ಬಿತ್ತು. ದಿನಗಟ್ಟಲೆ ಉರಿದ ಆ ಬೆಂಕಿಗೆ ಗ್ರಂಥಾಲಯ ಸುಟ್ಟಿತು. ವೆನಿಸ್ ಕಾಲದಿಂದ ಕೂಡಿಟ್ಟಿದ್ದ ದಾಖಲೆಗಳ ಭಂಡಾರ ಸುಟ್ಟಿತು. ಹುಟ್ಟು, ಮದುವೆ, ಜಮೀನು, ವ್ಯಾಜ್ಯ ಎಲ್ಲದರ ಕಾಗದಗಳೂ ಹೋದವು.

ಪೇಟೆಯಲ್ಲಿ ನಿಂತು ಉಳಿದ ದೊಡ್ಡ ಕಟ್ಟಡಗಳು ಮೂರೇ ಎಂದು ಜನ ಎಣಿಸುತ್ತಾರೆ: ಒಂದು ಶಾಲೆ, ನ್ಯಾಷನಲ್ ಬ್ಯಾಂಕಿನ ಕಟ್ಟಡ, ಸಂತ ದಿಯೊನೀಸಿಯೊಸನ ಚರ್ಚು. ಚರ್ಚು ಉಳಿದದ್ದನ್ನು ಭಕ್ತರು ಸಂತನ ಪವಾಡವೆಂದರು. ಅದು ಕೆಲವೇ ವರ್ಷ ಹಿಂದೆ, ಭೂಕಂಪವನ್ನು ತಡೆಯುವಂತೆ ಕಟ್ಟಿದ ಹೊಸ ಕಟ್ಟಡವೆಂಬುದನ್ನು ಎಂಜಿನಿಯರುಗಳು ಗಮನಿಸಿದರು. ನೆರವಿಗೆ ಬಂದ ಹಡಗುಗಳಲ್ಲಿ ಇಸ್ರೇಲಿನ ನೌಕಾಪಡೆಯವೂ ಇದ್ದವು. ಝಾಕಿಂಥೋಸ್‌ನ ಯೆಹೂದ್ಯರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಆ ದೇಶಕ್ಕೆ ವಲಸೆ ಹೋಗಿ ನೆಲೆಸಿದ್ದರು.

ಮನೆ ಕಳೆದುಕೊಂಡವರಲ್ಲಿ ಸಾವಿರಾರು ಜನ ಅಥೆನ್ಸಿಗೆ, ಹೊರದೇಶಗಳಿಗೆ ಹೊರಟುಹೋದರು. ಉಳಿದವರು ಊರನ್ನು ಮತ್ತೆ ಕಟ್ಟಿದರು. ಹಳೆಯ ಬೀದಿಗಳ ಜಾಡು, ಕಮಾನು ಸಾಲು, ಚೌಕಗಳ ಆಕಾರ ಆದಷ್ಟು ಹಾಗೇ ಇಟ್ಟು, ಕಟ್ಟಡಗಳನ್ನು ಕಾಂಕ್ರೀಟಿನಲ್ಲಿ, ಎತ್ತರ ಮಿತಿಯಲ್ಲಿಟ್ಟು ಎಬ್ಬಿಸಿದರು. ಈ ದುರಂತದ ಪಾಠದಿಂದಲೇ 1959ರಲ್ಲಿ ಗ್ರೀಸ್ ತನ್ನ ಮೊದಲ ಭೂಕಂಪ ನಿರೋಧಕ ಕಟ್ಟಡ ನಿಯಮಗಳನ್ನು ತಂದಿತು. ಆ ನಿಯಮಗಳು ವ್ಯರ್ಥವಾಗಲಿಲ್ಲ. 2018ರ ಅಕ್ಟೋಬರ್‌ನಲ್ಲಿ ದ್ವೀಪದ ಹತ್ತಿರವೇ 6.8 ತೀವ್ರತೆಯ ಭೂಕಂಪವಾದಾಗ ಬಂದರಿನ ಕಟ್ಟೆ ಬಿರುಕುಬಿಟ್ಟಿತಾದರೂ ಒಂದು ಪ್ರಾಣವೂ ಹೋಗಲಿಲ್ಲ.

ಅವಶೇಷಗಳಡಿಯಿಂದ ಎತ್ತಿದ ದೇವರ ಪಟಗಳು, ಕೆತ್ತನೆ ಮಾಡಿದ ಮರದ ಪರದೆಗಳು ಈಗ ಸೊಲೊಮೋಸ್ ಚೌಕದ ವಸ್ತುಸಂಗ್ರಹಾಲಯದಲ್ಲಿವೆ. 1669ರಲ್ಲಿ ಕ್ರೀಟ್ ದ್ವೀಪ ತುರ್ಕರ ಪಾಲಾದಾಗ ಓಡಿಬಂದ ಚಿತ್ರಕಾರರು ಅಯೋನಿಯನ್ ದ್ವೀಪಗಳಲ್ಲಿ ಬೆಳೆಸಿದ ಶೈಲಿ ಅವುಗಳಲ್ಲಿ ಕಾಣುತ್ತದೆ. ಸಮುದ್ರ ಸ್ನಾನಕ್ಕೆಂದೇ ಬಂದವರು ಇಲ್ಲಿ ಒಂದು ತಾಸು ಕಳೆದರೆ ನಷ್ಟವಿಲ್ಲ.

ಮರಳಿನ ಹಕ್ಕುದಾರರು

ದ್ರಾಕ್ಷಿ, ಆಲಿವ್‌ಗಳ ಆದಾಯ ಸಾಲದಾಗಿದ್ದ ದ್ವೀಪಕ್ಕೆ 1970ರ ದಶಕದಲ್ಲಿ ವಿಮಾನ ನಿಲ್ದಾಣ ಬಂತು. ಬೆನ್ನಿಗೇ ಪ್ರವಾಸಿಗಳು ಬಂದರು. ಲಗಾನಾಸ್ ದಡದಲ್ಲಿ ಹೋಟೆಲುಗಳು ಎದ್ದವು. ಅಲ್ಲಿಯವರೆಗೆ ಬೆಳೆ ಬಾರದ್ದೆಂದು ಲೆಕ್ಕಕ್ಕೇ ಇರದ ಮರಳು ನೆಲಕ್ಕೆ ಏಕಾಏಕಿ ಬೆಲೆ ಬಂತು.

ಆ ಮರಳಿಗೆ ಇನ್ನೊಬ್ಬ ಹಕ್ಕುದಾರ ಇರುವುದು ಅದೇ ದಶಕದಲ್ಲಿ ತಿಳಿಯಿತು. 1977ರಲ್ಲಿ ಗ್ರೀಕ್ ಸಂಶೋಧಕ ದಿಮಿತ್ರಿಸ್ ಮಾರ್ಗರಿತೂಲಿಸ್, ಲಗಾನಾಸ್ ಕೊಲ್ಲಿ ಲಾಗರ್‌ಹೆಡ್ ಕಡಲಾಮೆಗಳು ಮೊಟ್ಟೆಯಿಡುವ ದೊಡ್ಡ ನೆಲೆಯೆಂದು ಗುರುತಿಸಿದರು. ಮೆಡಿಟರೇನಿಯನ್ ಸಮುದ್ರದಲ್ಲೇ ಅತಿ ಮುಖ್ಯವಾದ ನೆಲೆಗಳಲ್ಲಿ ಇದೊಂದು. ಗೆರಾಕಾಸ್, ದಾಫ್ನಿ, ಸೆಕಾನಿಯ, ಕಲಮಾಕಿ, ಲಗಾನಾಸ್‌ನ ಪೂರ್ವಭಾಗ, ಮರಥೊನಿಸಿ ಎಂಬ ಕಿರುದ್ವೀಪ—ಈ ಆರು ಕಡಲತೀರಗಳನ್ನು ಕೂಡಿಸಿದರೂ ಉದ್ದ ಐದೂವರೆ ಕಿಲೋಮೀಟರ್ ಮಾತ್ರ. ಆಮೆಗಳ ಸಂಸಾರ ನಡೆಯಬೇಕಾದದ್ದು ಅಷ್ಟರಲ್ಲೇ.

ಹೆಣ್ಣಾಮೆ ಮೊಟ್ಟೆಯಿಡುವುದು ಮೇ ಕೊನೆಯಿಂದ ಆಗಸ್ಟ್‌ವರೆಗೆ. ಅಂದರೆ ಪ್ರವಾಸಿಗಳ ಕಾಲದಲ್ಲೇ. ರಾತ್ರಿ ಕತ್ತಲಲ್ಲಿ ದಡಕ್ಕೆ ತೆವಳಿ ಬಂದು, ಹಿಂದಿನ ಕಾಲುಗಳಿಂದ ಅರ್ಧ ಮೀಟರ್ ಆಳದ ಗುಂಡಿ ತೋಡಿ, ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ನೀರಿಗೆ ಮರಳುತ್ತದೆ. ಮುಂದಿನದೆಲ್ಲ ಮರಳಿನ ಕೆಲಸ. ಸುಮಾರು ಎರಡು ತಿಂಗಳು ಮರಳಿನ ಬಿಸಿಯೇ ಮೊಟ್ಟೆಗೆ ಕಾವು ಕೊಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನೂ ಅದೇ ಬಿಸಿ ನಿರ್ಧರಿಸುತ್ತದೆ: ಸುಮಾರು 29 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದರೆ ಹೆಚ್ಚು ಹೆಣ್ಣು, ತಂಪಾದರೆ ಹೆಚ್ಚು ಗಂಡು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇದೂ ಒಂದು ಚಿಂತೆಯ ವಿಷಯ.

ಮೊಟ್ಟೆಯೊಡೆದ ಮರಿಗಳು ರಾತ್ರಿ ಮರಳಿನಿಂದ ಮೇಲೆದ್ದು ಬೆಳಕಿನ ಕಡೆಗೆ ಓಡುತ್ತವೆ. ಕತ್ತಲೆಯ ದಡದಲ್ಲಿ ನಕ್ಷತ್ರಗಳ ಬೆಳಕು ಬಿದ್ದ ಸಮುದ್ರವೇ ಎಲ್ಲಕ್ಕಿಂತ ಬೆಳ್ಳಗಿರುತ್ತದೆ. ಲಕ್ಷಾಂತರ ವರ್ಷಗಳಿಂದ ಈ ಲೆಕ್ಕ ತಪ್ಪಿರಲಿಲ್ಲ. ದಡದ ಮೇಲೆ ಹೋಟೆಲಿನ ದೀಪಗಳು ಹೊತ್ತಿದಾಗ ಮರಿಗಳು ದಿಕ್ಕು ತಪ್ಪಿ ಊರಿನ ಕಡೆಗೆ ಹೊರಟು, ಬೆಳಗಾಗುವುದರೊಳಗೆ ಸಾಯುತ್ತವೆ. ಮರಳಿಗೆ ಚುಚ್ಚಿದ ಛತ್ರಿಯ ಕೋಲು ಮೊಟ್ಟೆಗಳನ್ನು ಒಡೆಯುತ್ತದೆ. ಸಾಲಾಗಿ ಬಿಟ್ಟ ಕುರ್ಚಿಗಳು ತಾಯಾಮೆಗೆ ದಾರಿ ಅಡ್ಡಗಟ್ಟುತ್ತವೆ. ವೇಗದ ದೋಣಿಯ ರೆಕ್ಕೆ ಉಸಿರಿಗೆಂದು ಮೇಲೆದ್ದ ಆಮೆಯ ಬೆನ್ನು ಸೀಳುತ್ತದೆ. ಸಾವಿರ ಮರಿಗಳಲ್ಲಿ ಒಂದು ಬದುಕಿ ದೊಡ್ಡದಾದರೆ ಅದೇ ಹೆಚ್ಚು. ಹಾಗೆ ಬದುಕಿದ ಹೆಣ್ಣು ಇಪ್ಪತ್ತು-ಮೂವತ್ತು ವರ್ಷದ ಬಳಿಕ ತಾನು ಹುಟ್ಟಿದ ಸೀಮೆಗೇ ಮೊಟ್ಟೆಯಿಡಲು ಮರಳುತ್ತದೆ.

ಆಮೆಗಳ ಪರವಾಗಿ ನಿಂತವರಿಗೂ ಜಮೀನಿನ ಒಡೆಯರಿಗೂ ಜಗಳ ತಪ್ಪಿದ್ದಲ್ಲ. ಪಕ್ಕದ ದಡದವನು ಹೋಟೆಲು ಕಟ್ಟಿ ಹಣ ಎಣಿಸುತ್ತಿರುವಾಗ ತನ್ನ ನೆಲದಲ್ಲಿ ಮಾತ್ರ ಒಂದು ಕೋಣೆಯನ್ನೂ ಕಟ್ಟಬಾರದೆಂದರೆ ರೈತ ಹೇಗೆ ಒಪ್ಪಿಯಾನು? ಪರಿಹಾರದ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿದದ್ದು ಈ ಕಹಿಯನ್ನು ಹೆಚ್ಚಿಸಿತು. ಆಮೆಯ ರಕ್ಷಣೆಯ ಲಾಭ ಜಗತ್ತಿಗೆ, ಅದರ ವೆಚ್ಚ ಕೆಲವೇ ಕುಟುಂಬಗಳಿಗೆ ಎಂಬ ದೂರಿನಲ್ಲಿ ಸತ್ಯಾಂಶವಿದೆ. 1994ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಗ್ರೀಕ್ ಶಾಖೆ ಸೆಕಾನಿಯ ತೀರದ ಹಿಂದಿನ ಜಮೀನನ್ನು ಹಣ ಕೊಟ್ಟೇ ಕೊಂಡುಕೊಂಡಿತು. ಸುಮಾರು 600 ಮೀಟರ್ ಉದ್ದದ ಆ ತೀರಕ್ಕೆ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಕೊಲ್ಲಿಯ ಗೂಡುಗಳಲ್ಲಿ ಸರಿಸುಮಾರು ಅರ್ಧದಷ್ಟು ಅಲ್ಲೇ ಇರುತ್ತವೆ.

1999ರಲ್ಲಿ ಸರಕಾರ ಝಾಕಿಂಥೋಸ್ ರಾಷ್ಟ್ರೀಯ ಸಾಗರ ಉದ್ಯಾನವನ್ನು ಘೋಷಿಸಿತು. ಆದರೂ ಮೊಟ್ಟೆಯಿಡುವ ಮರಳಿನ ಮೇಲೆ ಮೊಪೆಡ್ಡುಗಳ ಓಡಾಟ, ನೀರಿನಲ್ಲಿ ದೋಣಿಗಳ ಹಾವಳಿ, ದಾಫ್ನಿಯಲ್ಲಿ ಅಕ್ರಮ ಕಟ್ಟಡಗಳು ಇದ್ದೇ ಇದ್ದವು. ದೂರು ಯೂರೋಪಿಯನ್ ನ್ಯಾಯಾಲಯಕ್ಕೆ ಹೋಗಿ, 2002ರ ಜನವರಿಯಲ್ಲಿ ಗ್ರೀಸ್ ಆಮೆಗಳನ್ನು ಕಾಪಾಡುವ ಹೊಣೆಯಲ್ಲಿ ತಪ್ಪಿದೆಯೆಂದು ತೀರ್ಪು ಬಂತು. ಈಗ ಋತುವಿನಲ್ಲಿ ಸಂಜೆಯಿಂದ ಬೆಳಗಿನವರೆಗೆ ಗೂಡಿನ ತೀರಗಳಿಗೆ ಯಾರೂ ಕಾಲಿಡುವಂತಿಲ್ಲ. ಕೊಲ್ಲಿಯ ಒಂದು ವಲಯಕ್ಕೆ ದೋಣಿಗಳು ಬರುವಂತೆಯೇ ಇಲ್ಲ. ಉಳಿದೆಡೆ ವೇಗಕ್ಕೆ ಆರು ನಾಟ್ ಮಿತಿ. 1983ರಲ್ಲಿ ಸ್ಥಾಪನೆಯಾದ ಆರ್ಕೆಲೊನ್ ಸಂಸ್ಥೆಯ ಸ್ವಯಂಸೇವಕರು ಬೆಳಗಿನ ಜಾವ ಹೆಜ್ಜೆ ಗುರುತು ಹಿಡಿದು ಗೂಡು ಎಣಿಸುತ್ತಾರೆ, ಗೂಡಿನ ಮೇಲೆ ಗುರುತಿನ ಚೌಕಟ್ಟು ನಿಲ್ಲಿಸುತ್ತಾರೆ. ಈ ದುಡಿಮೆಗೆ ಫಲವಿಲ್ಲದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಗ್ರೀಸಿನ ತೀರಗಳಲ್ಲಿ ಗೂಡುಗಳ ಸಂಖ್ಯೆ ಏರುಮುಖವಾಗಿದೆ. ಈಗ ಗೂಡಿಗೆ ಬರುತ್ತಿರುವ ಆಮೆಗಳು ರಕ್ಷಣೆಯ ಮೊದಲ ವರ್ಷಗಳಲ್ಲಿ ಸಮುದ್ರ ಸೇರಿದ ಮರಿಗಳೇ ಇರಬಹುದು.

ಹಡಗು ಬಿದ್ದ ತೀರ

ದ್ವೀಪದ ಅತಿ ಪ್ರಸಿದ್ಧ ಚಿತ್ರದಲ್ಲಿ ಆಮೆಯೂ ಇಲ್ಲ, ಕವಿಯೂ ಇಲ್ಲ. ಪಶ್ಚಿಮದ ಬಿಳಿ ಬಂಡೆಗೋಡೆಗಳ ನಡುವೆ, ದೋಣಿಯಲ್ಲಷ್ಟೇ ತಲಪಬಹುದಾದ ಪುಟ್ಟ ತೀರದಲ್ಲಿ ತುಕ್ಕು ಹಿಡಿದ ಒಂದು ಹಡಗು ಒರಗಿದೆ. ಪನಾಯೊಟಿಸ್ ಎಂಬ ಆ ಸರಕು ಹಡಗು 1980ರ ಅಕ್ಟೋಬರ್‌ನಲ್ಲಿ ಸಿಗರೇಟುಗಳನ್ನು ಹೊತ್ತು ಬಂದು ಇಲ್ಲಿ ದಡಕ್ಕೆ ಬಡಿಯಿತು. ಅದು ಕಳ್ಳಸಾಗಣೆಯ ಮಾಲು ಎಂಬುದು ಪ್ರಚಲಿತ ಕಥೆ. ಆ ಹಾಳು ಹಡಗಿನಿಂದಲೇ ತೀರಕ್ಕೆ ನವಾಯಿಯೊ, ಅಂದರೆ ಒಡೆದ ಹಡಗು, ಎಂಬ ಹೆಸರು ಬಂತು. ಜಗತ್ತಿನ ನಾನಾ ಕಡೆ ಅಂಚೆ ಕಾರ್ಡುಗಳ ಮೇಲೆ ಅದರ ಚಿತ್ರ ಹರಡಿತು. ಆದರೆ ಮೇಲಿನ ಬಂಡೆಗಳು ಸಡಿಲ. 2018ರಲ್ಲಿ ಬಂಡೆ ಕುಸಿದು ಪ್ರವಾಸಿಗಳು ಗಾಯಗೊಂಡರು. 2022ರಲ್ಲಿ ಭೂಕಂಪವಾಗಿ ಮತ್ತೆ ಕುಸಿತವಾದ ಮೇಲೆ ತೀರಕ್ಕೆ ಇಳಿಯುವುದನ್ನು ನಿಷೇಧಿಸಲಾಯಿತು. ಅಲೆ, ತುಕ್ಕುಗಳ ನಡುವೆ ಹಡಗೂ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ.

ನೋಡಬಯಸುವವರಿಗೆ ಬೇರೆ ಜಾಗಗಳಿಗೆ ಕೊರತೆಯಿಲ್ಲ. ಉತ್ತರ ತುದಿಯ ಸ್ಕಿನಾರಿ ಬಳಿ ನೀಲಿ ಗುಹೆಗಳಿವೆ. ಬೆಳಗಿನ ಬಿಸಿಲಿಗೆ ಅಲ್ಲಿನ ನೀರು ಬಂಡೆಗೂ ನೀಲಿ ಹಚ್ಚುತ್ತದೆ. ಪಶ್ಚಿಮದ ಗುಹೆಗಳಲ್ಲಿ ಅಪರೂಪದ ಮೆಡಿಟರೇನಿಯನ್ ಸನ್ಯಾಸಿ ಸೀಲ್ ಪ್ರಾಣಿಗಳು ಮರಿ ಹಾಕುತ್ತವೆ. ಊರ ಮೇಲಿನ ಬೊಖಾಲಿ ಗುಡ್ಡದಲ್ಲಿ ವೆನಿಸ್ ಕಾಲದ ಕೋಟೆ, ಪಕ್ಕದಲ್ಲಿ ಕವಿ ಕುಳಿತು ಬರೆದ ಸ್ತ್ರಾನಿ. ಆಧುನಿಕ ಅಂಗರಚನಾ ಶಾಸ್ತ್ರಕ್ಕೆ ಬುನಾದಿ ಹಾಕಿದ ವೈದ್ಯ ವೆಸಾಲಿಯಸ್ ಜೆರೂಸಲೆಮ್ ಯಾತ್ರೆಯಿಂದ ಮರಳುವಾಗ 1564ರಲ್ಲಿ ಸತ್ತದ್ದು ಈ ದ್ವೀಪದಲ್ಲೇ. ಗೆರಾಕಾಸ್ ತೀರಕ್ಕೆ ಹಗಲು ಹೋಗಿ ಈಜಬಹುದು. ಗೂಡುಗಳಿರುವ ಒಣ ಮರಳು ಬಿಟ್ಟು, ನೀರಿನ ಅಂಚಿಗೆ ಹತ್ತಿರದ ಒದ್ದೆ ಮರಳಿನಲ್ಲಿ ಕೂರಬೇಕು, ಸಂಜೆಯಾಗುವ ಮುಂಚೆ ಏಳಬೇಕು. ನಿಯಮ ಇಷ್ಟೇ.

ಈ ದ್ವೀಪದಲ್ಲಿ ಕಲ್ಲಿನಲ್ಲಿ ಕಟ್ಟಿದ್ದು ನಾಲ್ಕು ದಿನದಲ್ಲಿ ಹೋಯಿತು. ದಾಸಿಯ ಬಾಯಲ್ಲಿದ್ದ ಮಾತು ಉಳಿಯಿತು, ಬೆಟ್ಟದ ಹಳ್ಳಿಗಳಲ್ಲಿ ಅಡಗಿದ್ದ 275 ಜೀವಗಳು ಉಳಿದವು. ಎರಡೂ ಉಳಿದದ್ದು ಯಾರೋ ಕೆಲವರು ತಮಗೆ ಆಗಬಹುದಾದ ನಷ್ಟವನ್ನು ಲೆಕ್ಕಿಸದೆ ನಿಂತದ್ದರಿಂದ. ಕಡಲಾಮೆಯ ವಿಷಯದಲ್ಲಿ ಆ ಲೆಕ್ಕ ಇನ್ನೂ ಮುಗಿದಿಲ್ಲ. ಪ್ರತಿ ಬೇಸಿಗೆಯೂ ದಡದ ದೀಪ ಆರಿಸುವವರು ಎಷ್ಟು ಮಂದಿ ಎಂಬುದರ ಮೇಲೆ ಅದು ನಿಂತಿದೆ. ಈ ವರ್ಷ ಸಮುದ್ರಕ್ಕೆ ಇಳಿಯುವ ಮರಿಗಳು ಮೊಟ್ಟೆಯಿಡಲು ಮರಳುವುದು ಈ ಶತಮಾನದ ನಡುಭಾಗದಲ್ಲಿ. ಅವುಗಳಿಗೆ ಬೇಕಾದದ್ದು ಐದೂವರೆ ಕಿಲೋಮೀಟರ್ ಮರಳು, ಮತ್ತು ರಾತ್ರಿಯ ಕತ್ತಲೆ.